ಉರಿಯದ ಯೂನಿಟ್ಟಿನ ಬೆಲೆ

ಮುಂಬಯಿ ಮಹಾನಗರಪಾಲಿಕೆಯ ಎಲ್ಲೆ ಉತ್ತರದಲ್ಲಿ ಮುಗಿಯುವ ದಹಿಸರ್ ಚೆಕ್‌ನಾಕೆಯ ಇತ್ತಲೂ ಅತ್ತಲೂ, ಎಂದರೆ ದಹಿಸರ್ ಪೂರ್ವದ ಇಂಡಸ್ಟ್ರಿಯಲ್ ಎಸ್ಟೇಟುಗಳಿಂದ ಮೊದಲುಗೊಂಡು ಕಾಶಿಮೀರಾ, ವಸಾಯಿಗಳ ವರೆಗೂ, ಈ ಊರಿನವರು ‘ಗಾಲಾ’ ಎಂದು ಕರೆಯುವ ಸಣ್ಣ ಕಾರ್ಖಾನೆಗಳು ಸಾಲುಗಟ್ಟಿ ನಿಂತಿವೆ. ಪ್ಲಾಸ್ಟಿಕ್ ಮೋಲ್ಡಿಂಗು, ಮುದ್ರಣ, ಪ್ಯಾಕಿಂಗು, ಲೇತಿನ ಕೆಲಸ ಮೊದಲಾದವು ಹಗಲಿರುಳು ನಡೆಯುವ ಈ ಗಾಲಾಗಳಲ್ಲಿ ಉಡುಪಿ, ಮಂಗಳೂರು, ಬಿಜಾಪುರ, ಕಲಬುರ್ಗಿಗಳ ಕಡೆಯಿಂದ ಬಂದು ನೆಲೆಸಿದ ನಮ್ಮವರು ಧಣಿಗಳಾಗಿಯೂ ಮ್ಯಾನೇಜರರಾಗಿಯೂ ವೈರ್‌ಮನ್ನರಾಗಿಯೂ ದುಡಿಯುತ್ತಿರುವರು. ಇಂಥವರ ಬಾಗಿಲಿಗೆ ಈಚೆಗೆ ಹೊಸ ಬಗೆಯ ಒಂದು ಪ್ರಸ್ತಾವ ಬರುವುದುಂಟು. “ಶೆಟ್ರೇ, ನಿಮ್ಮ ಹಳೆಯ ಕಂಪ್ರೆಸರು, ಮೋಟಾರು, ದೀಪ ಎಲ್ಲವನ್ನೂ ನಮ್ಮ ಖರ್ಚಿನಲ್ಲೇ ಬದಲಾಯಿಸಿ ಕೊಡುತ್ತೇವೆ. ನೀವು ಕೈಯಿಂದ ಒಂದು ಪೈಸೆ ಹಾಕಬೇಕಾಗಿಲ್ಲ. ಕರೆಂಟು ಬಿಲ್ಲಿನಲ್ಲಿ ತಿಂಗಳು ತಿಂಗಳು ಉಳಿಯುವುದರಲ್ಲಿ ಒಂದು ಪಾಲನ್ನು ಐದು ವರ್ಷ ನಮಗೆ ಕೊಟ್ಟರೆ ಸಾಕು” ಎಂಬುದು ಅದರ ಸಾರ. ಈ ಮಾತು ಸುಳ್ಳಲ್ಲ. ಆದರೆ ಅದರಲ್ಲಿ ಹೇಳದೆ ಬಿಟ್ಟ ಸಂಗತಿಗಳೇ ಹೇಳಿದವುಗಳಿಗಿಂತ ಹೆಚ್ಚಾಗಿರುವುದರಿಂದ, ಕರಾರಿಗೆ ರುಜು ಹಾಕುವ ಮುನ್ನ ಗಾಲಾಧಣಿಯು ಯಾವ ಯಾವ ಅಪಾಯಗಳನ್ನು ತೂಗಿ ನೋಡಬೇಕು, ಯಾವುದನ್ನು ತಾನು ಹೊರಬೇಕು, ಯಾವುದನ್ನು ಎದುರಿನವನ ಹೆಗಲಿಗೆ ಏರಿಸಬೇಕು ಎಂಬುದನ್ನು ಸಾವಕಾಶವಾಗಿ ವಿಚಾರಿಸುವುದು ಯುಕ್ತ.

ಇಂಥ ಪ್ರಸ್ತಾವವನ್ನು ತರುವ ಸಂಸ್ಥೆಗಳಿಗೆ ಎನರ್ಜಿ ಸರ್ವಿಸ್ ಕಂಪನಿ, ಚಿಕ್ಕದಾಗಿ ಎಸ್ಕೋ, ಎಂದು ಹೆಸರು. ಕರ್ನಾಟಕದ ಓದುಗರು ಇದನ್ನು ವಿದ್ಯುತ್ತು ಹಂಚುವ ಎಸ್ಕಾಂಗಳೊಡನೆ ಬೆರೆಸಿಕೊಳ್ಳಬಾರದು. ಎಸ್ಕಾಂ ಯೂನಿಟ್ಟನ್ನು ಮಾರುತ್ತದೆ. ಎಸ್ಕೋ ಮಾರುವುದಾದರೋ ಯೂನಿಟ್ಟು ಉರಿಯದಂತೆ ಮಾಡುವ ಕೌಶಲವನ್ನು. ನಮ್ಮ ದೇಶದಲ್ಲಿ 2001ರ ಇಂಧನ ಸಂರಕ್ಷಣಾ ಅಧಿನಿಯಮದ ಮೇರೆಗೆ 2002ರ ಮಾರ್ಚಿನಲ್ಲಿ ಸ್ಥಾಪನೆಗೊಂಡ ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿ, ಜನರ ಬಾಯಲ್ಲಿ ಬಿಇಇ, ಇಂಥ ಕಂಪನಿಗಳನ್ನು ಪರಿಶೀಲಿಸಿ 1ರಿಂದ 5ರ ವರೆಗಿನ ದರ್ಜೆಗಳನ್ನು ಕೊಡಿಸಿ ಪಟ್ಟಿ ಮಾಡಿದೆ. ಅವುಗಳಲ್ಲಿ 1 ಎಂಬುದು ಅತ್ಯುತ್ತಮ. ಬಾಗಿಲಿಗೆ ಬಂದವರ ಹೆಸರು ಆ ಪಟ್ಟಿಯಲ್ಲಿ ಉಂಟೆ, ಉಂಟಾದರೆ ಯಾವ ದರ್ಜೆಯಲ್ಲಿ, ಎಂದು ಕೇಳುವುದು ಮೊದಲನೆಯ ಕೆಲಸ. ಪಟ್ಟಿಯಲ್ಲಿ ಇಲ್ಲದವರೆಲ್ಲ ಅಯೋಗ್ಯರೆಂದು ನಾನು ಹೇಳಲಾರೆ, ಆದರೆ ಅಂಥವರಿಂದ ಹೆಚ್ಚಿನ ಭದ್ರತೆಯನ್ನು ಕೇಳುವುದಕ್ಕೆ ಧಣಿಗೆ ಪೂರ್ಣ ಹಕ್ಕುಂಟು.

ಈಗ ವಿಷಯದ ಮರ್ಮಕ್ಕೆ ಬರೋಣ. ಅಕ್ಕಿಯನ್ನು ಕೊಂಡರೆ ತಕ್ಕಡಿ ತೋರಿಸುತ್ತದೆ, ಬಟ್ಟೆಯನ್ನು ಕೊಂಡರೆ ಗಜಕಡ್ಡಿ ತೋರಿಸುತ್ತದೆ, ಕರೆಂಟನ್ನು ಕೊಂಡರೆ ಮೀಟರು ತೋರಿಸುತ್ತದೆ. ಆದರೆ ಉಳಿತಾಯವನ್ನು ತೋರಿಸುವ ಮೀಟರನ್ನು ಈ ವರೆಗೆ ಯಾರೂ ಮಾಡಿಲ್ಲ, ಮಾಡಲೂ ಆಗದು, ಏಕೆಂದರೆ ಉಳಿತಾಯವೆಂಬುದು ಒಂದು ಅಭಾವ. ನಮ್ಮ ನೈಯಾಯಿಕರು ‘ನೆಲದ ಮೇಲೆ ಗಡಿಗೆಯಿಲ್ಲ’ ಎಂಬ ಜ್ಞಾನವನ್ನು ಪರೀಕ್ಷಿಸುತ್ತ, ಅಭಾವವೆಂಬುದು ಬರಿಯ ಅಭಾವವಾಗಿ ಎಂದೂ ಇರಲಾರದು, ಅದು ಯಾವುದೋ ಒಂದರ ಅಭಾವವಾಗಿಯೇ ಇರತಕ್ಕದ್ದು ಎಂದು ನಿಶ್ಚಯಿಸಿ, ಆ ‘ಯಾವುದೋ ಒಂದ’ಕ್ಕೆ ಪ್ರತಿಯೋಗಿ ಎಂದು ಹೆಸರಿಟ್ಟರು. ಗಡಿಗೆ ಯಾವುದೆಂದು ತಿಳಿಯದವನಿಗೆ ಗಡಿಗೆ ಇಲ್ಲವೆಂಬುದೂ ತಿಳಿಯದು. ಎಸ್ಕೋ ಕರಾರಿನಲ್ಲಿ ಈ ಪ್ರತಿಯೋಗಿಯ ಸ್ಥಾನದಲ್ಲಿ ನಿಲ್ಲುವುದು ಬೇಸ್‌ಲೈನ್, ಎಂದರೆ ಹೊಸ ಯಂತ್ರ ಬಾರದೆ ಇದ್ದಿದ್ದರೆ ಈ ತಿಂಗಳು ಎಷ್ಟು ಯೂನಿಟ್ಟು ಉರಿಯುತ್ತಿತ್ತು ಎಂಬ ಅಂದಾಜು. ಹಾಗೆ ಉರಿದುದನ್ನು ಯಾರೂ ಕಂಡಿಲ್ಲ, ಇನ್ನು ಕಾಣುವಂತೆಯೂ ಇಲ್ಲ. ಈ ಕಾಣದ ಸಂಖ್ಯೆಯನ್ನು ಮೊದಲೇ ಇಬ್ಬರೂ ಒಪ್ಪಿ ಬರೆದಿಡದಿದ್ದರೆ ಐದು ವರ್ಷದ ಕರಾರು ಐದು ವರ್ಷದ ಜಗಳವಾಗುವುದರಲ್ಲಿ ಸಂದೇಹವಿಲ್ಲ. ಉಳಿದ ಅಪಾಯಗಳೆಲ್ಲ ಇದರ ಕೊಂಬೆರೆಂಬೆಗಳು.

ಈ ಜಗಳ ಹೊಸದೂ ಅಲ್ಲ. ಜೇಮ್ಸ್ ವಾಟ್ ಮತ್ತು ಮ್ಯಾಥ್ಯೂ ಬೋಲ್ಟನ್ 1775ರಲ್ಲಿ ಪಾಲುದಾರರಾಗಿ ತಮ್ಮ ಉಗಿಯಂತ್ರವನ್ನು ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಗಣಿಗಳಿಗೆ ಕೊಡತೊಡಗಿದಾಗ, ಹಳೆಯ ನ್ಯೂಕಮೆನ್ ಯಂತ್ರವು ಅದೇ ಕೆಲಸಕ್ಕೆ ಸುಡುತ್ತಿದ್ದ ಕಲ್ಲಿದ್ದಲಿಗೂ ತಮ್ಮ ಯಂತ್ರವು ಸುಡುವ ಕಲ್ಲಿದ್ದಲಿಗೂ ಇರುವ ಅಂತರದ ಮೂರನೆಯ ಒಂದು ಪಾಲನ್ನು ತಮಗೆ ಸಲ್ಲಿಸಬೇಕೆಂದು ಕರಾರು ಮಾಡಿಕೊಂಡರು. ಯಂತ್ರವು ಎಷ್ಟು ಸಲ ಏರಿಳಿಯಿತೆಂಬುದನ್ನು ಎಣಿಸುವುದಕ್ಕಾಗಿ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಒಂದು ಎಣಿಕೆಯಂತ್ರವನ್ನೂ ಕೂರಿಸಿದರು. ಕಾರ್ನ್‌ವಾಲಿನಲ್ಲಿ ಕಲ್ಲಿದ್ದಲು ಹಡಗಿನ ಮೇಲೆ ಬರತಕ್ಕದ್ದಾಗಿ ತುಟ್ಟಿಯಾಗಿದ್ದುದರಿಂದ ಮೊದಮೊದಲು ಗಣಿಯವರಿಗೆ ಇದು ಲಾಭವೆಂದೇ ತೋರಿತು. ಆದರೆ ವರ್ಷಗಳು ಕಳೆದು ಹಳೆಯ ಯಂತ್ರ ಕಣ್ಣಿಂದ ಮರೆಯಾದ ಮೇಲೆ, ಇಲ್ಲದ ಯಂತ್ರದೊಡನೆ ಹೋಲಿಸಿ ದುಡ್ಡು ಕೊಡುವುದು ಅವರಿಗೆ ಅನ್ಯಾಯವೆನಿಸಿತು. ಕೆಲವೆಡೆ ಲೆಕ್ಕದ ತಂಟೆಯೇ ಬೇಡವೆಂದು ವರ್ಷಕ್ಕಿಷ್ಟು ಎಂಬ ನಿಶ್ಚಿತ ಮೊತ್ತಕ್ಕೆ ರಾಜಿಯಾಯಿತು. ಮತ್ತೆ ಕೆಲವರು ಕೊಡುವುದನ್ನೇ ನಿಲ್ಲಿಸಿದರು. ವಾಟನ ಪೇಟೆಂಟಿನ ವ್ಯಾಜ್ಯಗಳು 1799ರ ವರೆಗೂ ನ್ಯಾಯಾಲಯಗಳಲ್ಲಿ ಎಳೆದಾಡಿದವು. ಅಂದಿನ ಕರಾರಿಗೂ ದಹಿಸರಿನ ಗಾಲಾಕ್ಕೆ ಇಂದು ಬರುವ ಕರಾರಿಗೂ ಸ್ವರೂಪದಲ್ಲಿ ಭೇದವಿಲ್ಲ.

ಬೇಸ್‌ಲೈನನ್ನು ಕಟ್ಟುವುದರಲ್ಲಿ ಆಗುವ ಸಾಮಾನ್ಯ ತಪ್ಪನ್ನು ಒಂದು ಕಲ್ಪಿತ ಲೆಕ್ಕದಿಂದ ವಿಶದಪಡಿಸುತ್ತೇನೆ. ತಿಂಗಳಿಗೆ 50 ಟನ್ ಮಾಲು ತೆಗೆದು 40,000 ಯೂನಿಟ್ಟು ಉರಿಸುವ ಮೋಲ್ಡಿಂಗಿನ ಗಾಲಾ ಒಂದಿದೆ ಎನ್ನೋಣ. ಮಾಲು ಬರಲಿ ಬಾರದಿರಲಿ, ದೀಪ, ಫ್ಯಾನು, ಚಿಲ್ಲರು, ಗಾಳಿಯ ಸೋರಿಕೆ ಇವುಗಳಿಗೇ 12,000 ಯೂನಿಟ್ಟು ಹೋಗುತ್ತದೆ, ಅದರ ಮೇಲೆ ಪ್ರತಿ ಟನ್ನಿಗೂ 560 ಯೂನಿಟ್ಟು ಬೀಳುತ್ತದೆ. ಎಸ್ಕೋದವರು ಯಂತ್ರ ಹೂಡಿದ ಬಳಿಕ ವ್ಯಾಪಾರ ಕುಗ್ಗಿ ಉತ್ಪಾದನೆ 30 ಟನ್ನಿಗೆ ಇಳಿದು ಮೀಟರು 25,000 ತೋರಿಸಿತು. ‘ಹಿಂದೆ 40,000, ಈಗ 25,000, ಉಳಿದದ್ದು 15,000’ ಎಂದು ಲೆಕ್ಕ ಹಾಕಿ, ಯೂನಿಟ್ಟಿಗೆ 10 ರೂಪಾಯಿಯಂತೆ ಶೇಕಡಾ 70ರ ಪಾಲನ್ನು ಕೇಳಿದರೆ ಧಣಿ ಕೊಡಬೇಕಾದದ್ದು 1,05,000 ರೂಪಾಯಿ. ಆದರೆ 30 ಟನ್ನಿಗೆ ಹಳೆಯ ಯಂತ್ರಗಳೂ 28,800 ಯೂನಿಟ್ಟನ್ನೇ ಉರಿಸುತ್ತಿದ್ದವು. ನಿಜವಾದ ಉಳಿತಾಯ 3,800 ಯೂನಿಟ್ಟು, ಎಂದರೆ 38,000 ರೂಪಾಯಿ, ಅದರಲ್ಲಿ ಎಸ್ಕೋದ ಪಾಲು 26,600. ವ್ಯಾಪಾರ ಬಿದ್ದ ತಿಂಗಳಲ್ಲಿಯೇ ಧಣಿಯು ಉಳಿಯದ ದುಡ್ಡಿನ ಪಾಲನ್ನು ಕೊಡುವ ವಿಪತ್ತು ಇದು. ವಿಪರೀತವೂ ಉಂಟು. ಉತ್ಪಾದನೆ 65 ಟನ್ನಿಗೆ ಏರಿ ಮೀಟರು 41,500 ತೋರಿಸಿದರೆ, ‘ಬಿಲ್ಲು ಇಳಿಯಲಿಲ್ಲ, ಏರಿತು, ಒಂದು ಕಾಸೂ ಕೊಡೆ’ ಎಂದು ಧಣಿ ಹೇಳುವುದು ಸಹಜ. ಆದರೆ ಅಷ್ಟು ಮಾಲಿಗೆ ಹಳೆಯ ಯಂತ್ರಗಳು 48,400 ಉರಿಸುತ್ತಿದ್ದವಾದುದರಿಂದ 6,900 ಯೂನಿಟ್ಟು ನಿಶ್ಚಯವಾಗಿ ಉಳಿದಿದೆ, ಎಸ್ಕೋದವನ ದುಡಿಮೆಗೆ ಬೆಲೆ ಸಲ್ಲಲೇಬೇಕು. ಆದುದರಿಂದ ಕರಾರಿನಲ್ಲಿ ಬರೆಯತಕ್ಕದ್ದು ಒಂದು ಒಂಟಿ ಸಂಖ್ಯೆಯನ್ನಲ್ಲ, ‘ಇಷ್ಟು ಮೂಲಭಾರ, ಅದರ ಮೇಲೆ ಟನ್ನಿಗೆ ಇಷ್ಟು’ ಎಂಬ ಸೂತ್ರವನ್ನು. ಆ ಸೂತ್ರವನ್ನು ಪಡೆಯಲು ಕಡೆಯ ಪಕ್ಷ 12 ತಿಂಗಳ, ಸಾಧ್ಯವಾದರೆ 24 ತಿಂಗಳ ಬಿಲ್ಲುಗಳನ್ನು ಉತ್ಪಾದನೆಯ ವಹಿಯೊಡನೆ ಜೋಡಿಸಿ ನೋಡಬೇಕು. ಮಳೆಗಾಲದ ನಾಲ್ಕು ತಿಂಗಳೂ ಅದರಲ್ಲಿ ಇರಲೇಬೇಕು. ಮುಂಬಯಿಯ ಆರ್ದ್ರತೆಯಲ್ಲಿ ಕೂಲಿಂಗ್ ಟವರು ನೀರನ್ನು ತಣಿಸುವ ಪ್ರಮಾಣ ಜನವರಿಯಲ್ಲಿದ್ದಂತೆ ಜುಲೈಯಲ್ಲಿ ಇರದು.

ಮಾಲಿನ ಬಗೆ ಬದಲಾದರೆ, ಪಾಳಿ ಎರಡರಿಂದ ಮೂರಾದರೆ, ಹೊಸ ಯಂತ್ರವೊಂದು ಬಂದರೆ, ಛಾವಣಿಯ ಮೇಲೆ ಸೌರಫಲಕ ಕೂತರೆ, ಸೂತ್ರವನ್ನು ತಿದ್ದುವುದು ಹೇಗೆ, ತಿದ್ದುವವರು ಯಾರು, ಎಷ್ಟು ದಿನದೊಳಗೆ ತಿಳಿಸಬೇಕು ಎಂಬುದೂ ಕರಾರಿನಲ್ಲಿಯೇ ಇರಬೇಕು. ಇದನ್ನು ಬಾಯಿಮಾತಿಗೆ ಬಿಟ್ಟವರು ಆಮೇಲೆ ಪಶ್ಚಾತ್ತಾಪಪಡುವುದನ್ನು ನೋಡಿದ್ದೇನೆ.

ಇನ್ನು ಅಳತೆಯ ವಿಧಾನ. 1990ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡು ಈಗ ಲೋಕದಲ್ಲೆಲ್ಲ ಬಳಕೆಯಲ್ಲಿರುವ ಐಪಿಎಂವಿಪಿ ಎಂಬ ಕ್ರಮಸಂಹಿತೆಯು ಎ, ಬಿ, ಸಿ, ಡಿ ಎಂದು ನಾಲ್ಕು ಮಾರ್ಗಗಳನ್ನು ವಿಧಿಸಿದೆ. ಎ ಮಾರ್ಗದಲ್ಲಿ ಬದಲಾಯಿಸಿದ ಯಂತ್ರವೊಂದರ ಮುಖ್ಯ ಅಂಶವನ್ನು ಮಾತ್ರ ಅಳೆದು ಮಿಕ್ಕುದನ್ನು ಒಪ್ಪಂದದಿಂದ ಗೊತ್ತುಮಾಡುವರು. ದೀಪಗಳಿಗೆ ಇದು ಸಾಕು, ಏಕೆಂದರೆ ವ್ಯಾಟನ್ನು ಒಮ್ಮೆ ಅಳೆದರೆ ಉರಿಯುವ ಗಂಟೆಗಳನ್ನು ಪಾಳಿಯಿಂದ ಲೆಕ್ಕ ಹಾಕಬಹುದು. ಬಿ ಮಾರ್ಗದಲ್ಲಿ ಆ ಯಂತ್ರಕ್ಕೆ ಪ್ರತ್ಯೇಕ ಸಬ್‌ಮೀಟರು ಇಟ್ಟು ಸದಾ ಅಳೆಯುವರು. ಕಂಪ್ರೆಸರು, ಚಿಲ್ಲರುಗಳಿಗೆ ಇದೇ ಸರಿ ಎಂಬುದು ನನ್ನ ಅಭಿಪ್ರಾಯ. ಸಿ ಮಾರ್ಗವು ಇಡೀ ಗಾಲಾದ ಬಿಲ್ಲನ್ನೇ ಹಿಡಿದು ನೋಡುವುದು. ಸುಲಭವೂ ಅಗ್ಗವೂ ಆದ ಮಾರ್ಗವಾದರೂ, ಒಟ್ಟು ಬಿಲ್ಲಿನಲ್ಲಿ ನೂರಕ್ಕೆ ಐದಾರರಷ್ಟೇ ಉಳಿಸುವ ಯೋಜನೆಗೆ ಅದು ಒಗ್ಗದು, ಅಷ್ಟು ಏರಿಳಿತ ಬಿಲ್ಲಿನಲ್ಲಿ ತಾನಾಗಿಯೇ ಇರುತ್ತದೆ. ಡಿ ಮಾರ್ಗ ಗಣಕದ ಮಾದರಿಯಿಂದ ಲೆಕ್ಕ ಹಾಕುವುದು, ಸಣ್ಣ ಗಾಲಾದವರು ಅದರ ಗೋಜಿಗೆ ಹೋಗಬೇಕಾದದ್ದಿಲ್ಲ. ಅಳತೆಯ ಖರ್ಚು ಉಳಿತಾಯದ ಹತ್ತನೆಯ ಒಂದು ಪಾಲನ್ನು ಮೀರಿದರೆ ಅಳತೆಯೇ ಉಳಿತಾಯವನ್ನು ನುಂಗಿತೆಂದು ತಿಳಿಯತಕ್ಕದ್ದು. ಸಬ್‌ಮೀಟರು ಯಾರದು, ಅದರ ಸೀಲು ಯಾರ ಕೈಯಲ್ಲಿ, ವರ್ಷಕ್ಕೊಮ್ಮೆ ಕ್ಯಾಲಿಬ್ರೇಷನ್ ಮಾಡಿಸುವವರು ಯಾರು ಎಂಬ ಪ್ರಶ್ನೆಗಳನ್ನು ಸಣ್ಣವೆಂದು ಬಿಡಬಾರದು. ವಾಟನ ಬೀಗದ ಪೆಟ್ಟಿಗೆಯನ್ನು ನೆನೆದುಕೊಂಡರೆ ಸಾಕು. ಬಿಇಇ ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾದ ಎನರ್ಜಿ ಆಡಿಟರನೊಬ್ಬನನ್ನು, ಎಸ್ಕೋದ ಸಂಬಳ ತಿನ್ನದವನನ್ನು, ಮೂರನೆಯವನಾಗಿ ನೇಮಿಸಿ ಬೇಸ್‌ಲೈನನ್ನು ಅವನಿಂದ ಪರೀಕ್ಷಿಸಿಕೊಳ್ಳಲು ತಗಲುವ ಖರ್ಚು ಕಡೆಯಲ್ಲಿ ಖರ್ಚಾಗಿ ಉಳಿಯದು.

ಎಸ್ಕೋದವರು ತಾಂತ್ರಿಕವಾಗಿ ಕೊಡುವ ವಾಗ್ದಾನಗಳನ್ನು ಒರೆಗೆ ಹಚ್ಚುವುದಕ್ಕೆ ಧಣಿಗೂ ಕೊಂಚ ತಿಳಿವಳಿಕೆ ಬೇಕು. ಫ್ಯಾನು, ಪಂಪುಗಳ ವೇಗವನ್ನು ಡ್ರೈವಿನಿಂದ ಇಳಿಸಿದರೆ ಶಕ್ತಿಯ ವ್ಯಯವು ವೇಗದ ಘನದಂತೆ ಇಳಿಯುವುದೆಂದು ಶಾಸ್ತ್ರ. ಆದುದರಿಂದ ವೇಗ ಶೇಕಡಾ 80ಕ್ಕೆ ಇಳಿದರೆ ವ್ಯಯ ಶೇಕಡಾ 51ಕ್ಕೆ ಇಳಿಯಬೇಕು ಎಂದು ಅವರು ತೋರಿಸುವ ಲೆಕ್ಕ ಪುಸ್ತಕದಲ್ಲಿ ಸರಿ. ಆದರೆ ನೆಲದ ಟ್ಯಾಂಕಿನಿಂದ ಛಾವಣಿಯ ಟ್ಯಾಂಕಿಗೆ ನೀರೆತ್ತುವ ಪಂಪಿನಲ್ಲಿ ಎತ್ತರವೆಂಬುದು ವೇಗದೊಡನೆ ಇಳಿಯುವ ವಸ್ತುವಲ್ಲವಾದುದರಿಂದ ಅಲ್ಲಿ ಘನದ ಲೆಕ್ಕ ಕೂಡಿಬರದು. ಗಾಳಿಯ ಕಂಪ್ರೆಸರಿನಲ್ಲಿ ಒತ್ತಡವನ್ನು ಒಂದು ಬಾರ್ ಇಳಿಸಿದರೆ ಶೇಕಡಾ 6ರಿಂದ 10ರಷ್ಟು ವಿದ್ಯುತ್ತು ಉಳಿಯುವುದು ಅನುಭವಸಿದ್ಧ, ಆದರೆ ಕೊನೆಯ ಯಂತ್ರಕ್ಕೆ ಸಾಕಷ್ಟು ಒತ್ತಡ ಮುಟ್ಟದೆ ಮಾಲು ಕೆಟ್ಟರೆ ಆ ನಷ್ಟವನ್ನು ಯಾರು ಭರಿಸುವರು? ಇದಕ್ಕಾಗಿ ಕರಾರಿನಲ್ಲಿ ಸೇವೆಯ ಮಟ್ಟವನ್ನೂ ಸಂಖ್ಯೆಯಲ್ಲಿ ಬರೆಯಬೇಕು: ಮೇಜಿನ ಮೇಲೆ ಇಷ್ಟು ಲಕ್ಸ್ ಬೆಳಕು, ಕೊನೆಯ ನಳಿಕೆಯಲ್ಲಿ ಇಷ್ಟು ಬಾರ್ ಒತ್ತಡ, ಚಿಲ್ಲರಿನ ನೀರು ಇಷ್ಟು ಡಿಗ್ರಿ. ಬೆಳಕನ್ನು ಕುಗ್ಗಿಸಿ ಕರೆಂಟು ಉಳಿಸುವುದು ಉಳಿತಾಯವಲ್ಲ, ವಂಚನೆ. ಯೂನಿಟ್ಟಿನ ಲೆಕ್ಕವೊಂದೇ ಸಾಲದೆಂಬುದಕ್ಕೆ ಮುಂಬಯಿಯೇ ಸಾಕ್ಷಿ. 2015ರಲ್ಲಿ ಮರೀನ್ ಡ್ರೈವಿನ ಹಳದಿ ಸೋಡಿಯಂ ದೀಪಗಳನ್ನು ತೆಗೆದು ಬಿಳಿಯ ಎಲ್‌ಇಡಿ ಹಾಕಿದಾಗ ವಿದ್ಯುತ್ತು ಉಳಿಯಿತು. ಆದರೆ ರಾಣಿಯ ಕಂಠಹಾರವೆಂದು ಊರವರು ಮೆಚ್ಚಿದ ಆ ಸಾಲಿನ ಬಣ್ಣ ಹೋಯಿತೆಂದು ಜನ ಆಕ್ಷೇಪಿಸಿ, ಬಳಿಕ ಹಳದಿ ಛಾಯೆಯ ಎಲ್‌ಇಡಿಗಳನ್ನೇ ಹಾಕಬೇಕಾಯಿತು.

ಉಳಿತಾಯದ ಬಳಿಕ ಬಳಕೆಯೇ ಬೆಳೆಯುವ ಇನ್ನೊಂದು ಸೂಕ್ಷ್ಮವನ್ನು ತಿಳಿಯಲು ಸೋಲಾಪುರ ಜಿಲ್ಲೆಯ ಮಂಗಳವೇಡೆಯತ್ತ ನೋಡಬೇಕು. ಬಸವಣ್ಣನವರು ಬಿಜ್ಜಳನ ಭಂಡಾರದಲ್ಲಿ ಕರಣಿಕರಾಗಿ ಲೆಕ್ಕ ಬರೆದರೆಂದು ಪರಂಪರೆ ಹೇಳುವ, ಇಂದಿಗೂ ಕನ್ನಡದ ನುಡಿ ಕಿವಿಗೆ ಬೀಳುವ ಆ ಗಡಿನಾಡಿನಲ್ಲಿ, ಬಿಇಇ ಸಂಸ್ಥೆಯ ಪ್ರಾಯೋಗಿಕ ಯೋಜನೆಯೊಂದರಲ್ಲಿ 2,200ಕ್ಕೂ ಹೆಚ್ಚು ನೀರಾವರಿ ಪಂಪುಗಳನ್ನು ಬದಲಾಯಿಸಲಾಯಿತು. ಪಂಪು ದಕ್ಷವಾದರೆ ಅದೇ ಕರೆಂಟಿನ ಗಂಟೆಗಳಲ್ಲಿ ಹೆಚ್ಚು ನೀರು ಬರುತ್ತದೆ. ರೈತನು ಅಷ್ಟೇ ನೀರೆತ್ತಿ ನಿಲ್ಲಿಸಿದರೆ ಯೂನಿಟ್ಟು ಉಳಿಯಿತು, ಇನ್ನಷ್ಟು ನೀರೆತ್ತಿದರೆ ಬೆಳೆಗೆ ಲಾಭವಾದೀತೇ ಹೊರತು ಮೀಟರಿನಲ್ಲಿ ಉಳಿತಾಯ ಕಾಣದು, ಬಾವಿಯ ಮಟ್ಟವೋ ಋತುವಿನಿಂದ ಋತುವಿಗೆ ಬೇರೆ. ಗಾಲಾದಲ್ಲಿಯೂ ಹಾಗೆಯೇ. ಹೊಸ ಕಂಪ್ರೆಸರಿನಿಂದ ಗಾಳಿ ಧಾರಾಳವಾದಾಗ ಕೆಲಸಗಾರರು ಅದರಿಂದಲೇ ನೆಲ ಗುಡಿಸಲು, ಮೈಮೇಲಿನ ಧೂಳು ಹಾರಿಸಲು ತೊಡಗಿದರೆ ತಪ್ಪು ಯಂತ್ರದ್ದಲ್ಲ.

ಈ ವರೆಗಿನವು ಯಂತ್ರದ ಹಾಗೂ ಅಳತೆಯ ಅಪಾಯಗಳು. ಬೆಲೆಯ ಅಪಾಯ ಬೇರೆ. ಉಳಿದ ಯೂನಿಟ್ಟನ್ನು ರೂಪಾಯಿಗೆ ತಿರುಗಿಸುವಾಗ ಯಾವ ದರವನ್ನು ಹಿಡಿಯಬೇಕು? ಬಿಲ್ಲಿನಲ್ಲಿ ಎನರ್ಜಿ ಚಾರ್ಜು, ವ್ಹೀಲಿಂಗ್ ಚಾರ್ಜು, ಇಂಧನ ಹೊಂದಾಣಿಕೆಯ ಶುಲ್ಕ, ವಿದ್ಯುತ್ ತೆರಿಗೆ ಇವು ಯೂನಿಟ್ಟಿನೊಡನೆ ಇಳಿಯುವಂಥವು. ಫಿಕ್ಸೆಡ್ ಅಥವಾ ಡಿಮಾಂಡ್ ಚಾರ್ಜು ಯೂನಿಟ್ಟು ಉಳಿದ ಮಾತ್ರಕ್ಕೆ ಇಳಿಯದು. ಒಟ್ಟು ಬಿಲ್ಲನ್ನು ಯೂನಿಟ್ಟಿನಿಂದ ಭಾಗಿಸಿ ಬಂದ ಸರಾಸರಿ ದರವನ್ನು ಕರಾರಿನಲ್ಲಿ ಬರೆದರೆ ಧಣಿಗೆ ನಷ್ಟ ಖಂಡಿತ. ಎಚ್‌ಟಿ (ಹೈ ಟೆನ್ಷನ್) ಗ್ರಾಹಕರಿಗೆ 2020ರ ಏಪ್ರಿಲ್‌ನಿಂದ ಕೆವಿಎಎಚ್ ಆಧಾರದ ಮೇಲೆ ಬಿಲ್ಲು ಬರುವುದರಿಂದ ಪವರ್ ಫ್ಯಾಕ್ಟರು ಕೆಟ್ಟರೆ ಉಳಿತಾಯವೆಲ್ಲ ಅಲ್ಲಿ ಕರಗೀತು. ಹೊಸ ಡ್ರೈವುಗಳಿಂದ ಹಾರ್ಮೋನಿಕ್ಸ್ ಹೆಚ್ಚಿ ಕೆಪಾಸಿಟರುಗಳು ಸುಟ್ಟರೆ ದುರಸ್ತಿ ಯಾರದೆಂಬುದನ್ನೂ ಕೇಳಿಕೊಳ್ಳಬೇಕು. ದಹಿಸರಿನವರಿಗೆ ಮತ್ತೊಂದು ವಿಶೇಷವುಂಟು. 1929ರಲ್ಲಿ ಸ್ಥಾಪನೆಯಾಗಿ ಉಪನಗರಗಳಿಗೆ ವಿದ್ಯುತ್ತು ಹಂಚುತ್ತಿದ್ದ ಬಿಎಸ್‌ಇಎಸ್‌ನ ಜಾಲವು ಕೈಬದಲಾಗುತ್ತ ಬಂದು 2018ರಿಂದ ಅದಾನಿ ಇಲೆಕ್ಟ್ರಿಸಿಟಿಯದಾಗಿದೆ. ಟಾಟಾ ಪವರಿಗೂ ಇಲ್ಲಿ ಗ್ರಾಹಕರಿಗೆ ನೇರವಾಗಿ ವಿದ್ಯುತ್ತು ಮಾರುವ ಹಕ್ಕುಂಟೆಂದು 2008ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಮೇಲೆ, ಉಪನಗರದ ಗ್ರಾಹಕನು ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ಆರಿಸಿಕೊಳ್ಳುವ ಅವಕಾಶ ತೆರೆಯಿತು. ಹೀಗೆ ಸರಬರಾಜು ಬದಲಾಯಿಸಿದ್ದರಿಂದ ಬಿಲ್ಲು ಇಳಿದರೆ ಆ ಲಾಭ ಪೂರ್ಣವಾಗಿ ಧಣಿಯದು, ಎಸ್ಕೋಗೆ ಅದರಲ್ಲಿ ಪಾಲಿಲ್ಲ ಎಂದು ಒಂದು ವಾಕ್ಯ ಬರೆದಿಡಬೇಕು. ದರವು ಇಳಿದಾಗ ಎಸ್ಕೋದ ಹೂಡಿಕೆ ಮುಳುಗದಂತೆ ಒಂದು ಕನಿಷ್ಠ ದರವನ್ನು ಅವರು ಕೇಳಿದರೆ ಅದು ನ್ಯಾಯವೇ, ಆದರೆ ಅದಕ್ಕೆ ಪ್ರತಿಯಾಗಿ ಗರಿಷ್ಠ ದರವನ್ನು ಧಣಿ ಕೇಳಬೇಕು.

ಇನ್ನು ನೆಲದ ಮಾತು. ಇದನ್ನು ದೊಡ್ಡ ಕಾರ್ಖಾನೆಗಳಿಗಾಗಿ ಬರೆದ ಮಾರ್ಗದರ್ಶಿಗಳು ಬಹುಮಟ್ಟಿಗೆ ಕಡೆಗಣಿಸಿವೆ, ಆದರೆ ನಮ್ಮವರ ಪಾಲಿಗೆ ಇದು ಕೇಂದ್ರವಿಷಯ. ಎಷ್ಟೋ ಗಾಲಾಗಳು ಲೀವ್ ಅಂಡ್ ಲೈಸೆನ್ಸಿನ ಮೇಲೆ, 11 ತಿಂಗಳಿಗೋ ಮೂರು ವರ್ಷಕ್ಕೋ ಪಡೆದವು. ಮೀಟರು ಗಾಲಾದ ಒಡೆಯನ ಹೆಸರಿನಲ್ಲಿ ಇರುವುದೂ ಉಂಟು. ಇಂಥ ಜಾಗದಲ್ಲಿ ಐದು ವರ್ಷದ ಎಸ್ಕೋ ಕರಾರಿಗೆ ರುಜು ಹಾಕಿದವನು, ಎರಡನೆಯ ವರ್ಷ ಒಡೆಯನು ಗಾಲಾವನ್ನು ಹಿಂದಕ್ಕೆ ಕೇಳಿದರೆ, ಅಥವಾ ಕಟ್ಟಡವೇ ರೀಡೆವಲಪ್‌ಮೆಂಟಿಗೆ ಹೋದರೆ, ಯಂತ್ರದ ಬಾಕಿಯನ್ನೆಲ್ಲ ಒಮ್ಮೆಲೆ ತೆರಬೇಕಾದೀತು. ಆದುದರಿಂದ ಎಸ್ಕೋ ಕರಾರಿನ ಅವಧಿಯು ಲೈಸೆನ್ಸಿನ ಅವಧಿಯನ್ನು ಮೀರಬಾರದು. ಮೀರಲೇಬೇಕಾದರೆ ಒಡೆಯನ ಲಿಖಿತ ಒಪ್ಪಿಗೆ, ಯಂತ್ರವನ್ನು ಬಿಚ್ಚಿ ಹೊಸ ಗಾಲಾಕ್ಕೆ ಒಯ್ಯುವ ಹಕ್ಕು, ನಡುವೆ ಕರಾರು ಮುರಿದರೆ ಯಾವ ತಿಂಗಳಲ್ಲಿ ಎಷ್ಟು ಕೊಡಬೇಕೆಂಬ ಇಳಿಯುವ ಮೊತ್ತಗಳ ಪಟ್ಟಿ, ಈ ಮೂರೂ ಇರಬೇಕು. ಕ್ಯಾಷ್ ಕ್ರೆಡಿಟ್ ಕೊಟ್ಟ ಬ್ಯಾಂಕಿಗೆ ಗಾಲಾದ ಯಂತ್ರಗಳೆಲ್ಲ ಹೈಪಾಥಿಕೇಷನ್ ಆಗಿರುವುದು ರೂಢಿಯಾದುದರಿಂದ, ಎಸ್ಕೋದವರ ಸ್ವತ್ತಾದ ಯಂತ್ರವು ಆ ಒತ್ತೆಯಲ್ಲಿ ಸೇರದೆಂದು ಬ್ಯಾಂಕಿನಿಂದ ಎನ್‌ಒಸಿ ಪಡೆಯುವುದು ಅವಶ್ಯ. ಇಲ್ಲದಿದ್ದರೆ ಒಂದು ಯಂತ್ರಕ್ಕೆ ಇಬ್ಬರು ಹಕ್ಕುದಾರರಾಗುವರು.

ನೀರಿನ ಅಪಾಯವನ್ನು ದಹಿಸರಿನವರಿಗೆ ಹೊಸದಾಗಿ ವಿವರಿಸಬೇಕಾಗಿಲ್ಲ. ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಹುಟ್ಟಿ ಈ ಊರಿನ ನಡುವೆ ಹರಿದು ಮನೋರಿ ಖಾಡಿಯನ್ನು ಸೇರುವ ದಹಿಸರ್ ನದಿಯ ದಂಡೆಯಲ್ಲಿ ಇರುವವರು, ಸಾಂತಾಕ್ರೂಜಿನಲ್ಲಿ 24 ಗಂಟೆಗಳೊಳಗೆ 944 ಮಿಲಿಮೀಟರ್ ಮಳೆ ಸುರಿದ 2005ರ ಜುಲೈ 26ನ್ನು ಮರೆತಿರಲಾರರು. ಅಂಥ ದಿನ ನೆಲಮಹಡಿಯ ಪ್ಯಾನೆಲ್ಲಿಗೆ ನೀರು ನುಗ್ಗಿ ಹೊಸ ಡ್ರೈವುಗಳು ಕೆಟ್ಟರೆ, ಕರಾರಿನಲ್ಲಿ ‘ದೈವಾಧೀನ ಘಟನೆ’ ಎಂಬ ಕಲಮಿದ್ದ ಮಾತ್ರಕ್ಕೆ ಪ್ರಶ್ನೆ ಮುಗಿಯದು. ಯಂತ್ರ ನಿಂತ ತಿಂಗಳುಗಳಲ್ಲಿ ಕಂತು ನಿಲ್ಲುವುದೆ, ಅವಧಿ ಅಷ್ಟು ಮುಂದಕ್ಕೆ ಹೋಗುವುದೆ, ವಿಮೆಯ ಪ್ರೀಮಿಯಂ ಯಾರದು, ವಿಮೆಯ ಹಣ ಮೊದಲು ಯಾರಿಗೆ ಸಲ್ಲುವುದು ಎಂಬ ನಾಲ್ಕಕ್ಕೂ ಅಲ್ಲಿ ಉತ್ತರವಿರಬೇಕು. ಪ್ಯಾನೆಲ್ಲನ್ನು ಹಿಂದಿನ ನೆರೆಯ ಗುರುತಿಗಿಂತ ಮೇಲೆ ಕೂರಿಸಬೇಕೆಂದು ಒಂದು ಸಾಲು ಬರೆಸುವುದರಿಂದ ಖರ್ಚೇನೂ ಹೆಚ್ಚದು.

ಎಸ್ಕೋದವನ ಕಣ್ಣಿನಿಂದಲೂ ನೋಡುವುದು ಧರ್ಮ. ಅವನು ಸಾಲ ಮಾಡಿ ಯಂತ್ರ ತಂದು ಪರರ ಜಾಗದಲ್ಲಿ ಹೂಡಿರುವನು. ಧಣಿಯ ವೈರ್‌ಮನ್ ಡ್ರೈವನ್ನು ಬೈಪಾಸಿನಲ್ಲಿ ಹಾಕಿ ಮರೆತರೆ, ಫಿಲ್ಟರನ್ನು ಕಾಲಕಾಲಕ್ಕೆ ಬದಲಾಯಿಸದಿದ್ದರೆ, ಕಂತು ತಡವಾದರೆ, ನಷ್ಟ ಅವನದು. ಎಸ್ಕೋ ಸಣ್ಣ ಉದ್ಯಮವಾಗಿ ನೋಂದಾಯಿತವಾಗಿದ್ದರೆ 2006ರ ಎಂಎಸ್‌ಎಂಇ ಅಧಿನಿಯಮದ ಮೇರೆಗೆ 45 ದಿನಗಳೊಳಗೆ ಹಣ ಸಲ್ಲಿಸದವನು ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿಯನ್ನು ಕೊಡಬೇಕಾದೀತೆಂಬುದನ್ನು ಧಣಿಯೂ ತಿಳಿದಿರಬೇಕು. ಯಾವ ಅಪಾಯವನ್ನು ಯಾರು ತಡೆಯಬಲ್ಲರೋ ಅದನ್ನು ಅವರೇ ಹೊರುವುದು ಇಂಥ ಕರಾರುಗಳ ಮೂಲಸೂತ್ರ. ಯಂತ್ರದ ದಕ್ಷತೆ ಎಸ್ಕೋದ ಕೈಯಲ್ಲಿದೆ, ಪಾಳಿ, ಉತ್ಪಾದನೆ, ದಿನನಿತ್ಯದ ಶುಚಿತ್ವ ಧಣಿಯ ಕೈಯಲ್ಲಿದೆ, ದರ ಇಬ್ಬರ ಕೈಯಲ್ಲೂ ಇಲ್ಲವಾದುದರಿಂದ ಹಂಚಿಕೊಳ್ಳಬೇಕು, ನೆರೆ ವಿಮೆಯವರಿಗೆ ಸೇರಿದ್ದು. ಕರಾರಿನಲ್ಲಿ ಎರಡು ಮುಖ್ಯ ಬಗೆಗಳುಂಟು. ಒಂದರಲ್ಲಿ ಎಸ್ಕೋ ಬಂಡವಾಳ ಹಾಕಿ ಉಳಿತಾಯವನ್ನು ಹಂಚಿಕೊಳ್ಳುತ್ತದೆ. ಇನ್ನೊಂದರಲ್ಲಿ ಧಣಿಯೇ ಬ್ಯಾಂಕಿನಿಂದ ಸಾಲ ತಂದು ಯಂತ್ರ ಕೊಳ್ಳುತ್ತಾನೆ, ಎಸ್ಕೋ ಇಷ್ಟು ಉಳಿಯುವುದೆಂದು ಗ್ಯಾರಂಟಿ ಕೊಟ್ಟು ಕಡಮೆಯಾದುದನ್ನು ತುಂಬಿಕೊಡುತ್ತದೆ. ಎರಡನೆಯದರಲ್ಲಿ ಯಂತ್ರ ಮೊದಲ ದಿನದಿಂದ ಧಣಿಯ ಸ್ವಂತ, ಬಡ್ಡಿಯೂ ಕಡಮೆ. ಆದರೆ ಎಸ್ಕೋ ಬಾಗಿಲು ಮುಚ್ಚಿದರೆ ಗ್ಯಾರಂಟಿ ಕಾಗದವಾಗುತ್ತದೆ, ಸಾಲ ಮಾತ್ರ ಉಳಿಯುತ್ತದೆ. ಹಾಗಾಗಿ ಬರಿಯ ಲೆಟರ್‌ಹೆಡ್ಡಿನ ಗ್ಯಾರಂಟಿಗೆ ಒಪ್ಪದೆ ಬ್ಯಾಂಕ್ ಗ್ಯಾರಂಟಿಯನ್ನೇ ಕೇಳತಕ್ಕದ್ದು. ಸ್ವಂತ ಗಾಲಾ ಇದ್ದು ಬ್ಯಾಂಕಿನಲ್ಲಿ ಒಳ್ಳೆಯ ಹೆಸರಿರುವವರಿಗೆ ಎರಡನೆಯ ಬಗೆ, ಬಾಡಿಗೆಯ ಗಾಲಾದವರಿಗೆ ಅವಧಿ ಚಿಕ್ಕದಾದ ಮೊದಲನೆಯ ಬಗೆ ಲೇಸೆಂಬುದು ನನ್ನ ತೀರ್ಮಾನ.

ಸರ್ಕಾರದ ನೆರವೂ ಇಲ್ಲದಿಲ್ಲ. ಸಣ್ಣ ಉದ್ಯಮಗಳಿಗೆ ಸಾಲ ಒದಗಿಸುವ ಸಿಡ್‌ಬಿ ಸಂಸ್ಥೆಯು ವಿಶ್ವಬ್ಯಾಂಕಿನ ಸಹಾಯದಿಂದ 2015ರಲ್ಲಿ ಆರಂಭಿಸಿದ ಪಾರ್ಷಿಯಲ್ ರಿಸ್ಕ್ ಶೇರಿಂಗ್ ಫೆಸಿಲಿಟಿಯಂಥ ನಿಧಿಗಳು ಇಂಥ ಸಾಲಗಳ ಒಂದು ಭಾಗಕ್ಕೆ ಹೊಣೆ ನಿಲ್ಲುವುದಕ್ಕಾಗಿಯೇ ಹುಟ್ಟಿದವು. ಆದರೆ ಆ ಹೊಣೆ ಸಾಲ ಕೊಟ್ಟ ಬ್ಯಾಂಕಿನ ರಕ್ಷಣೆಗೆ, ಧಣಿಯ ರಕ್ಷಣೆಗಲ್ಲ. ಇದನ್ನು ತಿಳಿಯದೆ ‘ಸರ್ಕಾರದ ಗ್ಯಾರಂಟಿ ಇದೆ’ ಎಂಬ ಮಾತಿಗೆ ಮರುಳಾಗಬಾರದು. ಧಣಿಗೆ ನೇರವಾಗಿ ಒದಗುವಂಥದು 2025ರ ಜುಲೈಯಲ್ಲಿ ಬಿಇಇ ಮೂಲಕ ಆರಂಭವಾದ 1,000 ಕೋಟಿ ರೂಪಾಯಿಯ ಯೋಜನೆ. ಗೊತ್ತುಪಡಿಸಿದ ಕೈಗಾರಿಕೆಗಳಲ್ಲಿ ದಕ್ಷ ಯಂತ್ರಕ್ಕಾಗಿ ಮಾಡಿದ ಸಾಲದ ಬಡ್ಡಿಯಲ್ಲಿ ಅತಿಸಣ್ಣ ಹಾಗೂ ಸಣ್ಣ ಉದ್ಯಮಗಳಿಗೆ ಶೇಕಡಾ 5, ಮಧ್ಯಮ ಉದ್ಯಮಗಳಿಗೆ ಶೇಕಡಾ 3 ಸಹಾಯ ಅದರಲ್ಲಿ ಸಿಗುತ್ತದೆ. ನಿಮ್ಮ ಕೈಗಾರಿಕೆ ಆ ಪಟ್ಟಿಯಲ್ಲಿ ಉಂಟೆಂದು ಬ್ಯಾಂಕಿನಲ್ಲಾಗಲಿ, ರಾಜ್ಯದ ಇಂಧನ ಸಂಸ್ಥೆಯಾದ ಮೇಡಾದಲ್ಲಾಗಲಿ ವಿಚಾರಿಸಿಕೊಳ್ಳಬಹುದು.

ಇಷ್ಟನ್ನು ಓದಿದ ಗಾಲಾಧಣಿಗಳಲ್ಲಿ ನನ್ನ ವಿಜ್ಞಾಪನೆ ಒಂದುಂಟು. ಎಸ್ಕೋದವರನ್ನು ಕರೆಯುವ ಮೊದಲು, ಬರುವ ವಾರದ ರಜೆಯ ಹಿಂದಿನ ರಾತ್ರಿ ಕಡೆಯ ಪಾಳಿ ಮುಗಿದು ಯಂತ್ರಗಳೆಲ್ಲ ನಿಂತ ಮೇಲೆ, ಗಾಳಿಯ ಕೊಳವೆಗಳ ವಾಲ್ವುಗಳನ್ನು ಎಂದಿನಂತೆ ತೆರೆದೇ ಇಟ್ಟು ಕಂಪ್ರೆಸರೊಂದನ್ನು ಮಾತ್ರ ಓಡಿಸಿ, ಅದು ಎಷ್ಟು ನಿಮಿಷ ಭಾರ ಹೊತ್ತು ಓಡುತ್ತದೆ, ಎಷ್ಟು ನಿಮಿಷ ಭಾರವಿಲ್ಲದೆ ಓಡುತ್ತದೆ ಎಂಬುದನ್ನು ಗಡಿಯಾರ ಹಿಡಿದು ನಾಲ್ಕೈದು ಸಲ ಬರೆದುಕೊಳ್ಳಿರಿ. ಭಾರದ ಹೊತ್ತು ಒಂದೂವರೆ ನಿಮಿಷ, ಭಾರವಿಲ್ಲದ ಹೊತ್ತು ಆರು ನಿಮಿಷವೆಂದು ಬಂದರೆ, ಒಟ್ಟು ಏಳೂವರೆಯಲ್ಲಿ ಒಂದೂವರೆ, ಎಂದರೆ ನಿಮ್ಮ ಕಂಪ್ರೆಸರು ಕೊಡಬಲ್ಲ ಗಾಳಿಯಲ್ಲಿ ಐದನೆಯ ಒಂದು ಪಾಲು ಯಾರಿಗೂ ಉಪಯೋಗವಾಗದೆ ಸೋರಿಹೋಗುತ್ತಿದೆ. ಆ ಸೋರಿಕೆಯನ್ನು ನಿಮ್ಮ ವೈರ್‌ಮನ್ನೂ ಫಿಟ್ಟರನೂ ಸೇರಿ ಸಾಬೂನಿನ ನೀರು, ಹೊಸ ವಾಷರು, ಕ್ಲಿಪ್ಪುಗಳಿಂದ ಒಂದು ದಿನದಲ್ಲಿ ಮುಚ್ಚಬಲ್ಲರು. ಮುಚ್ಚಿದ ಮೇಲೆ ಬರುವ ಬಿಲ್ಲುಗಳನ್ನು ಹಿಂದಿನ 24 ತಿಂಗಳ ಬಿಲ್ಲುಗಳ ಜೊತೆಗಿಟ್ಟು, ಉತ್ಪಾದನೆಯ ವಹಿಯೊಡನೆ ಸೇರಿಸಿ, ಅನಂತರ ಎಸ್ಕೋದವರನ್ನು ಮಾತಿಗೆ ಕೂರಿಸಿಕೊಳ್ಳಿರಿ.